ಮೂವತ್ತಮೂರನೇ ಪುಟ

ಹೊನ್ನಾವರದ ನಮ್ಮ ಹೈಸ್ಕೂಲಿನ ಲೈಬ್ರರಿ ಎಂದರೆ ಸ್ಟಾಫ್ ರೂಮಿನ ಹಿಂದಿರುವ ಒಂದು ಉದ್ದನೆಯ ಕೋಣೆ, ನಾಲ್ಕು ಕಬ್ಬಿಣದ ಕಪಾಟು, ಒಂದು ಬೆಂಚು. ಅದರ ಬೀಗದ ಕೈ ಹನ್ನೆರಡು ವರ್ಷಗಳಿಂದ ನನ್ನ ಪರ್ಸಿನಲ್ಲಿದೆ. ನಾನು ಹಿಂದಿ ಟೀಚರು. ಹಿಂದಿ ಕಲಿಸುವವಳಿಗೆ ಕನ್ನಡ ಪುಸ್ತಕಗಳ ಕಪಾಟು ಯಾಕೆ ಕೊಟ್ಟರು ಎಂದರೆ, ಬೇರೆ ಯಾರೂ ತೆಗೆದುಕೊಳ್ಳಲಿಲ್ಲ, ಅದಕ್ಕೆ. ಕನ್ನಡದ ಮಾಸ್ತರರಿಗೆ ಧೂಳು ಆಗುವುದಿಲ್ಲ, ವಿಜ್ಞಾನದವರಿಗೆ ಪುರುಸೊತ್ತಿಲ್ಲ. ನಾನು ಇಲ್ಲ ಎನ್ನಲು ಬಾಯಿ ತೆರೆಯುವುದರೊಳಗೆ ಬೀಗದ ಕೈ ನನ್ನ ಅಂಗೈಯಲ್ಲಿತ್ತು.

ನನಗಿಂತ ಮೊದಲು ಲೈಬ್ರರಿ ನೋಡಿಕೊಳ್ಳುತ್ತಿದ್ದ ಮಾಸ್ತರರು ನಿವೃತ್ತರಾಗುವ ದಿನ ನನ್ನನ್ನು ಕೂರಿಸಿಕೊಂಡು ಸೀಲ್ ಹಾಕುವುದನ್ನು ಹೇಳಿಕೊಟ್ಟರು. ಹೊಸ ಪುಸ್ತಕ ಬಂದರೆ ಮೊದಲನೇ ಪುಟಕ್ಕೆ ಒಂದು ಸೀಲು, ಕೊನೆಯ ಪುಟಕ್ಕೆ ಒಂದು, ಆಮೇಲೆ ಮೂವತ್ತಮೂರನೇ ಪುಟಕ್ಕೆ ಒಂದು. ಮೂರನೆಯದು ಗುಟ್ಟಿನದು. ಯಾರಾದರೂ ಪುಸ್ತಕ ಹಾರಿಸಿ ಮೊದಲ ಪುಟ, ಕೊನೆಯ ಪುಟ ಹರಿದು ಹಾಕಿದರೂ ಇದು ನಮ್ಮದು ಎಂದು ಹೇಳಲು ಒಂದು ಸಾಕ್ಷಿ ಇರಬೇಕಲ್ಲ. "ಈ ನಂಬರು ಯಾರಿಗೂ ಹೇಳಬೇಡಿ" ಎಂದು ಪಿಸುಗುಟ್ಟಿದರು. ನಾನು ಈವರೆಗೂ ಹೇಳಿರಲಿಲ್ಲ. ಈಗ ಹೇಳಿಯಾಯಿತು. ಇನ್ನು ಪುಟ ಬದಲಾಯಿಸಿಕೊಳ್ಳುತ್ತೇನೆ.

ನೇರಳೆ ಶಾಯಿಯ ಸೀಲು ಒತ್ತಿದ ತಕ್ಷಣ ಪುಸ್ತಕ ಮುಚ್ಚುವಂತಿಲ್ಲ. ಮುಚ್ಚಿದರೆ ಎದುರಿನ ಪುಟದಲ್ಲೂ ಅದೇ ಅಚ್ಚು ಮೂಡುತ್ತದೆ. ಮಳೆಗಾಲದಲ್ಲಂತೂ ಎರಡು ಮೂರು ನಿಮಿಷ ಊದುತ್ತ ಕೂರಬೇಕು. ಊದುತ್ತ ನಾನು ಆ ಪುಟವನ್ನು ಓದುತ್ತಿದ್ದೆ. ಹೀಗೆ ಹನ್ನೆರಡು ವರ್ಷದಲ್ಲಿ ಆರೇಳು ನೂರು ಪುಸ್ತಕಗಳ ಮೂವತ್ತಮೂರನೇ ಪುಟವನ್ನು ಓದಿದ್ದೇನೆ. ಉಳಿದ ಪುಟಗಳನ್ನು ಓದಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ. ಮಕ್ಕಳು ಬಂದು "ಇದು ಹೆಂಗದೆ ಅಕ್ಕೋರೆ?" ಎಂದು ಕೇಳಿದರೆ ನನ್ನಲ್ಲಿ ಪ್ರತಿ ಪುಸ್ತಕಕ್ಕೂ ಉತ್ತರ ತಯಾರಿತ್ತು. "ಒಳ್ಳೇದಿದೆ, ಹಡಗಿನ ಕಥೆ." "ಅದು ಬೇಡ, ಬರೀ ಜಗಳ." ನಮ್ಮ ಕಡೆ ಹೆಂಗಸರು ಟೀಚರಾದರೆ ಅಕ್ಕೋರು. ಅಕ್ಕೋರು ಹೇಳಿದ್ದನ್ನು ಮಕ್ಕಳು ನಂಬುತ್ತಾರೆ. ಅಕ್ಕೋರೂ ತಮ್ಮನ್ನು ತಾವೇ ನಂಬಿಕೊಂಡಿದ್ದರು.

ಕಳೆದ ವರ್ಷ ದೀಪಾವಳಿ ರಜೆ ಮುಗಿದ ವಾರ, ಒಂದು ಗುರುವಾರ, ಹೆಡ್‌ಮಾಸ್ತರರು ನನ್ನನ್ನು ತಮ್ಮ ಕೋಣೆಗೆ ಕರೆಸಿದರು. ಅಲ್ಲಿ ಒಂಬತ್ತನೇ ತರಗತಿಯ ಒಬ್ಬ ಹುಡುಗಿಯ ತಂದೆ ಕುಳಿತಿದ್ದರು. ಹೊಳೆಯಾಚೆ ಕಾಸರಕೋಡಿನ ಬಂದರಿನಲ್ಲಿ ಬೋಟುಗಳ ಇಂಜಿನ್ ರಿಪೇರಿ ಮಾಡುವವರು. ಕೈ ತೊಳೆದುಕೊಂಡೇ ಬಂದಿದ್ದರು, ಆದರೂ ಉಗುರಿನ ಸಂದಿಯಲ್ಲಿ ಕಪ್ಪು ಹಾಗೇ ಇತ್ತು. ಮೇಜಿನ ಮೇಲೆ ನಮ್ಮ ಲೈಬ್ರರಿಯ ಒಂದು ಕಾದಂಬರಿ. ಹದಿಹರೆಯದ ಮಕ್ಕಳಿಗೆಂದೇ ಬರೆದದ್ದು ಎಂದು ಪುಸ್ತಕ ಪ್ರದರ್ಶನದಲ್ಲಿ ಮಾರುವವನು ಹೇಳಿದ್ದಕ್ಕೆ ತಂದಿದ್ದೆ. ನಾನೇ ಹಳೇ ಕ್ಯಾಲೆಂಡರಿನ ಹಾಳೆಯಲ್ಲಿ ಬೈಂಡ್ ಹಾಕಿದ್ದೆ.

ಪುಸ್ತಕ ತೆಗೆದು ನೋಡಿದವಳಿಗೆ ಮೊದಲು ಸಿಟ್ಟು ಬಂತು. ಪುಟದ ಅಂಚಿನಲ್ಲೆಲ್ಲ ಆಯಿಲಿನ ಹೆಬ್ಬೆರಳಿನ ಗುರುತು. ಮೊದಲ ಪುಟದಿಂದ ಕೊನೆಯ ಪುಟದವರೆಗೂ ಇತ್ತು. ಲೈಬ್ರರಿ ಪುಸ್ತಕವನ್ನು ಹೀಗಾ ಇಟ್ಟುಕೊಳ್ಳುವುದು ಎಂದು ಕೇಳುವವಳಿದ್ದೆ. ಕೊನೆಯ ಪುಟದವರೆಗೂ ಗುರುತು ಇದ್ದರೆ ಅದರ ಅರ್ಥ ಏನು ಎನ್ನುವುದು ನನಗೆ ಆಗ ಹೊಳೆಯಲೇ ಇಲ್ಲ.

"ಅಕ್ಕೋರೆ, ಇನ್ನು ನನ್ನ ಮಗಳಿಗೆ ಪುಸ್ತಕ ಕೊಡೂದು ಬ್ಯಾಡ" ಎಂದರು ಅವರು. ದನಿ ಏರಿಸಿರಲಿಲ್ಲ.

"ಎಂತಕ್ಕೆ?"

"ಇದನ್ನೇ ಮೂರು ಸಲ ತಂದಿದ್ದಾಳೆ. ಇದರಲ್ಲಿ ಎಂತ ಅದೆ ಅಂತ ನಿಮಗೆ ಗೊತ್ತಿದ್ಯಾ?"

ಆ ಹುಡುಗಿ ಗೊತ್ತಿಲ್ಲದವಳೇನಲ್ಲ. ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಅಂಗಳದಲ್ಲಿ ಕೂಗಾಡುತ್ತಿದ್ದರೆ ಅವಳು ಬಂದು ಲೈಬ್ರರಿಯ ಬೆಂಚಿನ ತುದಿಯಲ್ಲಿ ಕೂರುತ್ತಾಳೆ. ಮಾತು ಕಡಿಮೆ. ಇಡೀ ಶಾಲೆಯಲ್ಲಿ ಆ ಕೋಣೆಗೆ ಹೇಳದೆ ಕೇಳದೆ ತಾನಾಗಿ ಬರುವವಳು ಅವಳೊಬ್ಬಳೇ. ಅವಳಿಗೆ ಪುಸ್ತಕ ಕೊಡಬೇಡಿ ಎಂದರೆ ಆ ಕೋಣೆ ಯಾಕಿರಬೇಕು, ನಾನು ಯಾಕೆ ಊದುತ್ತ ಕೂರಬೇಕು ಎನ್ನಿಸಿ ಮೈಯೆಲ್ಲ ಉರಿಯಿತು.

ನಾನು ಶುರು ಮಾಡಿದೆ. ಆ ದಿನದ ನನ್ನ ಭಾಷಣವನ್ನು ಈಗಲೂ ಒಪ್ಪುತ್ತೇನೆ, ಅದೇ ನನ್ನ ಗೊಂದಲ. ಚಿಕ್ಕ ಮಕ್ಕಳಿಗೆ ನರಿ ಮೊಸಳೆಯ ಕಥೆ ಕೊಡುತ್ತೀರಿ, ದೊಡ್ಡವರಾದ ಮೇಲೆ ದೊಡ್ಡ ಕಾದಂಬರಿ ಓದಲಿ ಎನ್ನುತ್ತೀರಿ, ನಡುವಿನ ಐದಾರು ವರ್ಷ ಆ ಮಕ್ಕಳು ಏನು ಓದಬೇಕು ಎಂದು ಕೇಳಿದೆ. ಚಪ್ಪಲಿ ಅಂಗಡಿಯಲ್ಲಿ ನಡುವಿನ ಅಳತೆ ಇರುತ್ತದೆ, ಬಟ್ಟೆ ಅಂಗಡಿಯಲ್ಲೂ ಇರುತ್ತದೆ, ಪುಸ್ತಕಕ್ಕೆ ಮಾತ್ರ ಬೇಡವೇ? ಹದಿನಾಲ್ಕರ ಹುಡುಗಿಗೆ ಅಳು ಯಾಕೆ ಬರುತ್ತದೆ ಎಂದು ಅವಳಿಗೇ ಗೊತ್ತಿರುವುದಿಲ್ಲ. ಇನ್ನೊಬ್ಬಳಿಗೂ ಹಾಗೇ ಆಗುತ್ತದಂತೆ ಎಂದು ಒಂದು ಪುಸ್ತಕ ಹೇಳಿದರೆ ತಪ್ಪೇನು? ಇಷ್ಟು ಹೇಳಿ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹೆಡ್‌ಮಾಸ್ತರರು ತಲೆದೂಗಿದರು. ನನಗೆ ಹುರುಪು ಬಂತು.

"ಇದರಲ್ಲಿ ಕೆಟ್ಟದ್ದು ಏನಿದೆ? ಒಬ್ಬ ಹುಡುಗಿ ಅಮ್ಮನಿಗೆ ಅಕ್ಕಿ ತೊಳೆದು ಕೊಡುತ್ತಾಳೆ, ತೊಳೆಯುತ್ತ ನಾಳೆಯ ಪದ್ಯವನ್ನು ಬಾಯಿಪಾಠ ಮಾಡುತ್ತಾಳೆ. ಮನೆಕೆಲಸ, ಓದು ಎರಡೂ ಮಾಡುವ ಹುಡುಗಿ. ಇಂಥದ್ದನ್ನು ಓದಬಾರದು ಅಂದರೆ ಹೇಗೆ?"

ಅದು ಮೂವತ್ತಮೂರನೇ ಪುಟ.

ಅವರು ಪುಸ್ತಕದ ಕಡೆ ಒಮ್ಮೆ ನೋಡಿದರು. ಆಮೇಲೆ, "ಅದು ಸುರುವಿಗೆ ಅಕ್ಕೋರೆ. ಕಡೆಗೆ ಆ ಹುಡುಗಿ ಮಾಡ್ತಾಳಲ್ಲ, ಅದು ಸರಿಯಾ? ನಿಮ್ಮನ್ನು ಅದೊಂದು ಕೇಳ್ವ ಅಂತ ಬಂದೆ" ಎಂದರು.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಮಕ್ಕಳ ಪುಸ್ತಕವಲ್ಲವೇ, ಹೇಗೆ ಮುಗಿಯುತ್ತದೆ ಎಂದು ಊಹಿಸಲು ಏನು ಮಹಾ ಎಂದುಕೊಂಡೆ. "ಕೊನೆಗೆ ಮನೆಗೆ ಬಂದು ಅಪ್ಪ ಅಮ್ಮನ ಹತ್ತಿರ ತಪ್ಪಾಯಿತು ಎನ್ನುತ್ತಾಳೆ. ಸರಿಯಾಗಿಯೇ ಇದೆಯಲ್ಲ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಆ ನೋಟದಲ್ಲಿ ಗೆದ್ದ ಖುಷಿ ಏನೂ ಇರಲಿಲ್ಲ; ಇದ್ದಿದ್ದರೆ ನನಗೆ ಜಗಳ ಮಾಡಲು ಸುಲಭವಾಗುತ್ತಿತ್ತು. "ಇಲ್ಲ ಅಕ್ಕೋರೆ. ಬರೂದಿಲ್ಲ" ಎಂದರು. ಎದ್ದು ಹೆಡ್‌ಮಾಸ್ತರರಿಗೆ ಕೈ ಮುಗಿದು ಹೋದರು.

ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಒಳ್ಳೆಯವರು, ಬೈಯುವುದಿಲ್ಲ, ಅದಕ್ಕೇ ಇನ್ನೂ ಕಷ್ಟ. "ಟೀಚರ್, ಈ ನಮೂನೆಯ ಪುಸ್ತಕ ಇನ್ನೂ ಯಾವ ಯಾವುದು ಇವೆ ಅಂತ ಸೋಮವಾರ ಒಂದು ಪಟ್ಟಿ ಕೊಡಿ. ಸದ್ಯಕ್ಕೆ ಬೇರೆ ಕಪಾಟಲ್ಲಿಟ್ಟು ಬೀಗ ಹಾಕುವ" ಎಂದರು. ಆತು ಸರ್ ಎಂದು ಬಂದೆ.

ಮರುದಿನ ಮಧ್ಯಾಹ್ನ ಆ ಹುಡುಗಿ ಲೈಬ್ರರಿಯ ಬಾಗಿಲವರೆಗೆ ಬಂದು ನಿಂತಳು. ಬಾ ಎಂದೆ. "ಅಪ್ಪ ಬ್ಯಾಡ ಅಂದಿದ್ರು ಅಕ್ಕೋರೆ" ಎಂದು ಹೊಸ್ತಿಲಾಚೆಯೇ ನಿಂತು ಬೆಂಚನ್ನು ನೋಡಿದಳು. ಬೆಂಚಿನಲ್ಲಿ ಕೂರಲಿಕ್ಕೆ ಯಾರ ಅಪ್ಪಣೆ ಬೇಕು ಎನ್ನಬೇಕೆಂದಿದ್ದೆ. ಅವಳ ಅಪ್ಪನ ಎದುರು ಅಷ್ಟು ದೊಡ್ಡ ಸುಳ್ಳು ಹೇಳಿದವಳಿಗೆ ಬಾಯಿ ಬರಲಿಲ್ಲ. ಗಂಟೆ ಹೊಡೆಯುವವರೆಗೂ ಅವಳು ಅಲ್ಲೇ ನಿಂತಿದ್ದು ಹೋದಳು.

ಶನಿವಾರ ಬೆಳಗಿನ ಶಾಲೆ ಮುಗಿಸಿ ಕುಮಟೆಗೆ ಹೊರಟೆ. ಅಲ್ಲಿ ನನ್ನ ಮಗಳಿದ್ದಾಳೆ, ಒಂದು ಸೊಸೈಟಿಯಲ್ಲಿ ಕೆಲಸ. ಅವಳ ಮಗಳಿಗೆ, ಅಂದರೆ ನನ್ನ ಮೊಮ್ಮಗಳಿಗೆ, ಎರಡು ವರ್ಷ. ಮೊಬೈಲು ತೋರಿಸದೆ ಒಂದು ತುತ್ತೂ ಒಳಗೆ ಹೋಗುವುದಿಲ್ಲ ಎಂದು ಮಗಳು ಫೋನಿನಲ್ಲಿ ಗೋಳಾಡಿದ್ದಳು. "ಆಯಿ, ನೀನು ಲೈಬ್ರರಿಯವಳಲ್ದಾ, ಕೂಸಿಗೆ ನಾಕು ಪುಸ್ತಕ ಆರಿಸಿ ತಾ" ಎಂದಿದ್ದಳು. ಹಾಗಾಗಿ ನನ್ನ ಚೀಲದಲ್ಲಿ ಮೂರು ಮಕ್ಕಳ ಪುಸ್ತಕಗಳು, ಜತೆಗೆ ಕ್ಯಾಲೆಂಡರ್ ಹಾಳೆಯ ಬೈಂಡಿನ ಆ ಕಾದಂಬರಿ.

ಮಕ್ಕಳ ಪುಸ್ತಕಗಳನ್ನು ರಜೆಗೆ ಮೊದಲು ಭಟ್ಕಳಕ್ಕೆ ತರಬೇತಿಗೆ ಹೋದಾಗ ತಂದಿದ್ದೆ. ಅಲ್ಲಿ ನನ್ನ ಪಜೀತಿ ಹೇಳತೀರದು. ರಟ್ಟಿನ ದಪ್ಪ ಹಾಳೆಯ ಪುಸ್ತಕಗಳು, ಒಂದೊಂದರಲ್ಲಿ ಹತ್ತೇ ಪುಟ. ಮೂವತ್ತಮೂರನೇ ಪುಟವೇ ಇಲ್ಲದ ಪುಸ್ತಕವನ್ನು ಒಳ್ಳೆಯದೋ ಕೆಟ್ಟದೋ ಎಂದು ನಾನು ಹೇಗೆ ಹೇಳಲಿ? ಅಂಗಡಿಯವರು ನವಾಯತ ಮುಸ್ಲಿಮರು, ವಯಸ್ಸಾದವರು. ನಾನು ಮಗುವಿನ ವಯಸ್ಸು ಹೇಳಿದರೆ ಅವರು "ಹಲ್ಲು ಎಷ್ಟು ಬಂದಿದೆ ಮೇಡಂ?" ಎಂದು ಕೇಳಿದರು. ನಾನು ವಿಷಯ, ನೀತಿ, ಶಬ್ದಸಂಪತ್ತು ಎಂದೆಲ್ಲ ಯೋಚಿಸುತ್ತಿದ್ದರೆ ಈ ಮನುಷ್ಯ ಪುಸ್ತಕದ ಮೂಲೆಯನ್ನು ಬೆರಳಲ್ಲಿ ಒತ್ತಿ ಒತ್ತಿ ನೋಡುತ್ತಿದ್ದರು. ನಾನು ಹಟ ಹಿಡಿದು ಹಣ್ಣುಗಳದ್ದೊಂದು, ಒಳ್ಳೆಯ ಅಭ್ಯಾಸಗಳದ್ದೊಂದು ತೆಗೆದುಕೊಂಡೆ. ಹೊರಡುವಾಗ ಅವರು ಮೂರನೆಯದನ್ನು ಮುಂದೆ ಇಟ್ಟರು. ಒಂದು ಕೋಳಿ ತನ್ನ ಮರಿಯನ್ನು ಹುಡುಕುವ ಕಥೆ. ಬುಟ್ಟಿ, ಬಾಗಿಲು, ಮಡಕೆಗೆಲ್ಲ ಎತ್ತಿ ನೋಡುವ ಪುಟ್ಟ ಕಾಗದದ ಮುಚ್ಚಳಗಳು. "ಇದು ಹರಿದು ಹೋಗ್ತದೆ, ಆದ್ರೂ ಇರಲಿ" ಎಂದರು. ಹರಿದು ಹೋಗುವುದನ್ನು ಯಾಕೆ ಕೊಡುತ್ತಾರೆ ಎಂದು ಅರ್ಥವಾಗದಿದ್ದರೂ ತಂದೆ.

ಬಸ್ಸಿನಲ್ಲಿ ಕಿಟಕಿ ಬದಿಯ ಸೀಟು ಸಿಕ್ಕಿತು. ಕಾದಂಬರಿ ತೆಗೆದು ಮೊದಲನೇ ಪುಟದಿಂದ ಶುರು ಮಾಡಿದೆ. ಹಳದೀಪುರ ದಾಟುವಾಗ ಮೂವತ್ತಮೂರನೇ ಪುಟ ಬಂತು. ನನ್ನದೇ ನೇರಳೆ ಸೀಲು, ಸ್ವಲ್ಪ ಓರೆಯಾಗಿ. ಹುಡುಗಿ ಅಕ್ಕಿ ತೊಳೆಯುತ್ತ ಪದ್ಯ ಹೇಳುತ್ತಿದ್ದಳು. ಹಾಳೆ ಮಗುಚಿದೆ.

ಮೂವತ್ತನಾಲ್ಕನೇ ಪುಟದಲ್ಲಿ ಅಮ್ಮ ಹೇಳುತ್ತಾಳೆ, ಅನ್ನ ಆಯಿತು ಅಂತ ನಿನ್ನ ಅಪ್ಪನಿಗೆ ಹೇಳು ಎಂದು. ಅಪ್ಪ ಅದೇ ಅಡುಗೆಮನೆಯಲ್ಲಿ, ಮೂರು ಹೆಜ್ಜೆ ಆಚೆ, ಮಣೆಯ ಮೇಲೆ ಕುಳಿತಿರುತ್ತಾನೆ. ಹುಡುಗಿ ಹೇಳುತ್ತಾಳೆ. ನನಗೆ ಹಸಿವಿಲ್ಲ ಅಂತ ನಿನ್ನ ಅಮ್ಮನಿಗೆ ಹೇಳು ಎನ್ನುತ್ತಾನೆ ಅಪ್ಪ. ಹುಡುಗಿ ಅದನ್ನೂ ಹೇಳುತ್ತಾಳೆ. ಆ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟು ಬಹಳ ಕಾಲವಾಗಿದೆ, ಎಲ್ಲ ಮಾತೂ ಹುಡುಗಿಯ ಬಾಯಿಂದಲೇ ಹೋಗಬೇಕು. ಪದ್ಯ ಬಾಯಿಪಾಠ ಮಾಡುತ್ತಿದ್ದದ್ದು ಓದಿನ ಆಸೆಗಲ್ಲ, ಬೇರೆ ಮಾತು ಕಿವಿಗೆ ಬೀಳದಿರಲಿ ಎಂದು. ಒಂದೇ ಒಂದು ಹಾಳೆ ಮಗುಚಿದ್ದರೆ ನನಗೆ ಇದು ಆಗಲೇ ಗೊತ್ತಾಗುತ್ತಿತ್ತು. ಧಾರೇಶ್ವರದವರೆಗೂ ಮುಂದೆ ಓದಲು ಆಗಲಿಲ್ಲ, ಸುಮ್ಮನೆ ಹೊರಗೆ ನೋಡುತ್ತ ಕುಳಿತೆ.

ಮಗಳ ಮನೆಯಲ್ಲಿ ಮೊಮ್ಮಗಳು ಹಣ್ಣಿನ ಪುಸ್ತಕವನ್ನು ಒಂದೇ ಸಲ ತೆರೆದಳು. ಸ್ಟ್ರಾಬೆರಿಯ ಮೇಲೆ ಬೆರಳಿಟ್ಟು "ಮುರುಗಲು" ಎಂದಳು. ಕುಮಟೆಯ ಕೂಸಿಗೆ ಕೆಂಪು ಹಣ್ಣೆಂದರೆ ಮುರುಗಲೇ, ಶರಬತ್ತು ಕುಡಿದು ಗೊತ್ತು. ನಾನು ತಿದ್ದಿದೆ. ಅವಳು ಪುಸ್ತಕ ಬಿಸಾಕಿದಳು. ಒಳ್ಳೆಯ ಅಭ್ಯಾಸಗಳ ಪುಸ್ತಕದ ಮೂಲೆಯನ್ನು ಕಚ್ಚಿ ನೋಡಿ ಅದನ್ನೂ ಬಿಟ್ಟಳು. ಕೋಳಿಯ ಪುಸ್ತಕ ಮಾತ್ರ ಕೈಯಿಂದ ಇಳಿಯಲಿಲ್ಲ. ಬುಟ್ಟಿಯ ಮುಚ್ಚಳ ಎತ್ತುವಳು, "ಇಲ್ಲೆ" ಎನ್ನುವಳು. ಬಾಗಿಲು ತೆರೆಯುವಳು, "ಇಲ್ಲೆ." ಮಡಕೆ, "ಇಲ್ಲೆ." ಕೊನೆಯ ಪುಟದಲ್ಲಿ ಮರಿ ಸಿಗುತ್ತದೆ. ಆ ಪುಟ ಬರುವ ಮೊದಲೇ ಪುಸ್ತಕ ಮುಚ್ಚಿ ನನ್ನ ತೊಡೆಯ ಮೇಲೆ ಬಡಿದು, ಮತ್ತೆ ಮೊದಲಿಂದ. ನಾನೇ ಕೊನೆಯ ಪುಟ ತೆರೆದು ನೋಡು ಸಿಕ್ಕಿತು ನೋಡು ಎಂದರೆ ರಂಪ. ಮಧ್ಯಾಹ್ನ ಹನ್ನೊಂದು ಸಲ ಓದಿದೆವು. ಮಡಕೆಯ ಮುಚ್ಚಳ ಕಿತ್ತು ಬಂತು. ಒಂದು ತುತ್ತು ಅನ್ನವೂ ಒಳಗೆ ಹೋಗಲಿಲ್ಲ.

"ಮರಿ ಸಿಗೂದು ಬೇಡ ಹೇಳ್ತಲ್ಲೇ ಈ ಕೂಸು. ಎಂತಕ್ಕೆ?" ಎಂದು ಮಗಳನ್ನು ಕೇಳಿದೆ.

"ಸಿಕ್ಕಿದ ಮೇಲೆ ಎಂತ ಇದ್ದು ಆಯಿ? ಕಥೆ ಮುಗೀತು" ಎಂದಳು ಬಟ್ಟೆ ಮಡಚುತ್ತ.

ನನಗೆ ಸಮಾಧಾನವಾಗಲಿಲ್ಲ. ಮೊಮ್ಮಗಳು ಮಲಗಿದ ಮೇಲೆ ನಾನು ಕಾದಂಬರಿ ಹಿಡಿದೆ. ಮಗಳು ಆಶ್ಚರ್ಯದಿಂದ ನೋಡಿದಳು. ನಡೆದದ್ದೆಲ್ಲ ಹೇಳಿದೆ, ಹೆಡ್‌ಮಾಸ್ತರರ ಕೋಣೆಯಲ್ಲಿ ನನ್ನ ಮಾನ ಹೋದದ್ದನ್ನು ಸ್ವಲ್ಪ ಸಣ್ಣದು ಮಾಡಿ, ಭಾಷಣವನ್ನು ಸ್ವಲ್ಪ ದೊಡ್ಡದು ಮಾಡಿ. ಆ ವಯಸ್ಸಿನ ಮಕ್ಕಳಿಗೆ ಅವರದ್ದೇ ಪುಸ್ತಕ ಬೇಕು, ಕಸಿದುಕೊಳ್ಳಬಾರದು ಎಂದು ಎಷ್ಟು ಚೆನ್ನಾಗಿ ಹೇಳಿದೆ ಎಂದು ವಿವರಿಸುತ್ತಿದ್ದೆ. ಅವಳು ಮಡಚುವುದನ್ನು ನಿಲ್ಲಿಸಿದಳು.

"ನಂದೊಂದು ಪುಸ್ತಕ ನೀನು ಬಚ್ಚಲ ಒಲೆಗೆ ಹಾಕಿದ್ದೆ, ನೆನಪಿದ್ದಾ?"

"ಯಾವುದು?"

"ನಾನು ಗೆಳತಿ ಹತ್ರ ಇಸ್ಕೊಂಡು ಬಂದಿದ್ದಿ. ಎಂಟನೇ ಕ್ಲಾಸಲ್ಲಿ."

"ನಂಗೆ ನೆನಪಿಲ್ಲೆ."

"ನಂಗಿದ್ದು. ನೀನು ನಿಂತಲ್ಲೇ ತೆಗೆದು ಒಂದು ಪುಟ ಓದಿದೆ. ಒಂದೇ ಪುಟ. ಹುಡುಗಿ ಒಂದು ಕಾಗದ ಬರೀತಾ ಇತ್ತು ಆ ಪುಟದಲ್ಲಿ. ಯಾರಿಗೆ ಬರೀತು ಹೇಳೂ ನೀನು ನೋಡಿದ್ದಿಲ್ಲೆ. ಒಲೆಗೆ ಹಾಕಿದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಯಾರದ್ದೋ ಸುದ್ದಿ ಹೇಳುವವಳ ಹಾಗೆ ಹೇಳಿದಳು. "ಆ ಹುಡುಗಿ ಸತ್ತು ಹೋದ ಅಜ್ಜಂಗೆ ಬರೀತಾ ಇತ್ತು ಆಯಿ. ಕಡೆಗೆ ಎಂತ ಆತು ಹೇಳಿ ನಂಗೆ ಇವತ್ತಿಗೂ ಗೊತ್ತಿಲ್ಲೆ."

ನಾನು ಎಷ್ಟು ತಿಣುಕಾಡಿದರೂ ನೆನಪಾಗಲಿಲ್ಲ. ಇಂಥದ್ದು ಮಾಡಿದವಳಿಗೆ ನೆನಪೇ ಇರುವುದಿಲ್ಲವೇ? ಸೀಲ್ ಹಾಕುವ ಕೆಲಸ ನನಗೆ ಬಂದದ್ದು ಆಮೇಲೆ. ಒಂದೇ ಪುಟ ನೋಡಿ ತೀರ್ಮಾನ ಮಾಡುವ ಚಾಳಿಗೆ ನಾನು ಆ ಶಾಯಿಯನ್ನು ದೂರುತ್ತಿದ್ದೆ. ಚಾಳಿ ಮೊದಲೇ ನನ್ನಲ್ಲಿತ್ತು. ತುಂಬ ಕೆಟ್ಟದೆನಿಸಿತು. "ಹೆಸರು ಹೇಳು, ಎಲ್ಲಿಂದಾದರೂ ಹುಡುಕಿ ತತ್ತೆ" ಎಂದೆ.

"ಈಗ ಎಂತಕ್ಕೆ? ಆವಾಗ ಬೇಕಾಗಿತ್ತು" ಎಂದು ಅವಳು ಮತ್ತೆ ಬಟ್ಟೆ ಮಡಚಲು ಹಿಡಿದಳು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹೊನ್ನಾವರಕ್ಕೆ ವಾಪಸು ಹೊರಟೆ. ಪುಸ್ತಕದ ಕೊನೆಯ ಮೂವತ್ತು ಪುಟ ಬಾಕಿ ಇತ್ತು. ಕಥೆಯ ಹುಡುಗಿ ಮಾತು ದಾಟಿಸಿ ದಾಟಿಸಿ ಸೋತು, ಟ್ಯೂಷನ್ ಇದೆ ಎಂದು ಮನೆಯಲ್ಲಿ ಸುಳ್ಳು ಹೇಳಿ, ದಿನಾ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಹೋಗಿ ಕೂರುತ್ತಾಳೆ. ಊಟದ ತಟ್ಟೆಯನ್ನು ಮೆಟ್ಟಿಲಿಗೆ ಒಯ್ದು ಅಲ್ಲೇ ಉಣ್ಣುತ್ತಾಳೆ, ಅಲ್ಲಿದ್ದರೆ ಅಮ್ಮನಿಗೆ ಇದು ಹೇಳು, ಅಪ್ಪನಿಗೆ ಅದು ಹೇಳು ಎಂದು ಇಬ್ಬರೂ ಕೂಗುವುದಿಲ್ಲ. ಕೊನೆಗೆ ಒಂದು ದಿನ ಅತ್ತೆಯ ಊರಿನ ಬಸ್ಸು ಹತ್ತುತ್ತಾಳೆ. ಎಲ್ಲಿಗೆ ಎಂದು ಕಂಡಕ್ಟರ್ ಕೇಳುತ್ತಾನೆ, ಕಡೆಯ ಸ್ಟಾಪು ಎನ್ನುತ್ತಾಳೆ, ಪುಸ್ತಕ ಮುಗಿಯಿತು. ನಾನು ಆಮೇಲಿನ ಖಾಲಿ ಹಾಳೆಯನ್ನೂ ಮಗುಚಿ ನೋಡಿದೆ. ಅಪ್ಪ ಅಮ್ಮನಿಗೆ ಬುದ್ಧಿ ಬಂತು ಎಂದಾದರೂ ಒಂದು ಸಾಲು ಬರೆಯಬಾರದೇ? ಬರೆದವರ ಮೇಲೆ ವಿಪರೀತ ಸಿಟ್ಟು ಬಂತು. ಆಮೇಲೆ, ಆ ಸಾಲು ಇದ್ದಿದ್ದರೆ ನಮ್ಮ ಬೆಂಚಿನ ಹುಡುಗಿ ಇದನ್ನು ಮೂರು ಸಲ ತೆಗೆದುಕೊಂಡು ಹೋಗುತ್ತಿದ್ದಳೇ ಎಂಬ ಅನುಮಾನವೂ ಬಂತು. ಕೋಳಿಮರಿ ಸಿಗುವ ಪುಟವನ್ನು ತೆರೆಯಗೊಡದ ನನ್ನ ಮೊಮ್ಮಗಳಿಗೂ ಇವಳಿಗೂ ಏನಾದರೂ ಸಂಬಂಧವಿದೆಯೇ, ಇಲ್ಲ ನಾನೇ ಇಲ್ಲದ್ದನ್ನು ಗಂಟು ಹಾಕುತ್ತಿದ್ದೇನೆಯೇ, ಒಂದೂ ತಿಳಿಯಲಿಲ್ಲ.

ತಲೆ ಎತ್ತಿದರೆ ಬಸ್ಸು ಶರಾವತಿ ಸೇತುವೆಯ ಮೇಲಿತ್ತು. ನಾನು ಇಳಿಯಬೇಕಾದ ಹೊನ್ನಾವರ ಸ್ಟ್ಯಾಂಡು ಹಿಂದೆಯೇ ಹೋಗಿತ್ತು. ಐವತ್ತಾರು ವರ್ಷಕ್ಕೆ ಕಥೆ ಪುಸ್ತಕ ಓದುತ್ತ ಸ್ಟಾಪು ಮರೆತದ್ದು ಅದೇ ಮೊದಲು. ಕಾಸರಕೋಡಿನಲ್ಲಿ ಇಳಿದೆ. ವಾಪಸು ಬಸ್ಸಿಗೆ ಕಾಯುವ ಬದಲು ಬಂದರಿನ ಕಡೆ ನಡೆದೆ, ಹೋಗಿ ಏನು ಹೇಳಬೇಕು ಎಂದು ಗೊತ್ತಿಲ್ಲದೆಯೇ.

ಹುಡುಗಿಯ ತಂದೆ ದಡಕ್ಕೆ ಎಳೆದಿದ್ದ ಒಂದು ದೋಣಿಯ ಪಕ್ಕ, ಬಿಚ್ಚಿ ಹಾಕಿದ ಇಂಜಿನ್ನಿನ ಮುಂದೆ ಕುಳಿತಿದ್ದರು. ನನ್ನನ್ನು ಕಂಡು ಗಡಬಡಿಸಿ ಎದ್ದು ಬಟ್ಟೆ ಚೂರಿನಲ್ಲಿ ಕೈ ಒರೆಸಿಕೊಂಡರು.

"ಆವತ್ತು ನಾನು ಇದನ್ನು ಓದಿರಲಿಲ್ಲ" ಎಂದೆ. "ಸುಳ್ಳು ಹೇಳಿದೆ. ಈಗ ಓದಿದೆ."

"ಗೊತ್ತಾಗಿತ್ತು ಅಕ್ಕೋರೆ." ಕುಳಿತುಕೊಳ್ಳಲು ಒಂದು ಮೀನಿನ ಕ್ರೇಟ್ ಮಗುಚಿ ಕೊಟ್ಟರು. "ಎಂತ ಅನ್ನಿಸ್ತು?"

"ಗೊತ್ತಾಗಲಿಲ್ಲ. ಅವಳು ಹೋದದ್ದು ತಪ್ಪು ಅನ್ನಿಸಿತು. ಹೋಗದೆ ಇನ್ನೇನು ಮಾಡಬೇಕಿತ್ತು ಅಂದರೆ ಅದೂ ಗೊತ್ತಾಗಲಿಲ್ಲ."

ಅವರು ಕುಳಿತು ಸ್ಪ್ಯಾನರನ್ನು ಕೈಗೆತ್ತಿಕೊಂಡರು. "ನಮ್ಮನೇಲೂ ಹಂಗೇ. ಒಂದೂವರೆ ವರ್ಷ ಆತು. ಅನ್ನ ಬಡ್ಸು ಅಂತ ಹೇಳೂಕೂ ಮಗಳೇ ಬೇಕು. ಜಗಳ ಎಂತಕ್ಕೆ ಸುರುವಾಯ್ತು ಅಂತ ಈಗ ನಂಗೆ ಸರಿಯಾಗಿ ನೆನಪೂ ಇಲ್ಲ." ನಿಲ್ಲಿಸಿ ಹೊಳೆಯ ಕಡೆ ನೋಡಿದರು. "ಅವಳೂ ಮೆಟ್ಟಿಲ ಮೇಲೇ ಉಣ್ತಾಳೆ ಅಕ್ಕೋರೆ. ಗಾಳಿ ಬತ್ತದೆ ಅದಕ್ಕೆ ಅಂದ್ಕಂಡಿದ್ದೆ ನಾನು. ಇದನ್ನ ಓದಿದ ಮೇಲೆ ಹೆದರಿಕೆ ಆಯ್ತು. ಅವಳೂ ಬಸ್ ಹತ್ತಿ ಹೋದ್ರೆ? ಅದಕ್ಕೆ ಪುಸ್ತಕ ಕೊಡೂದು ಬ್ಯಾಡ ಅಂದದ್ದು."

ಪುಸ್ತಕ ಕಸಿದುಕೊಂಡರೆ ಬಸ್ಸು ಹತ್ತುವುದು ನಿಲ್ಲುತ್ತದೆ ಎಂದು ನಾನು ಹೇಗೆ ಹೇಳಲಿ? ಪುಸ್ತಕ ಕೊಟ್ಟರೆ ನಿಲ್ಲುತ್ತದೆ ಎಂದಾದರೂ ಹೇಗೆ ಹೇಳಲಿ? ಭಾಷಣ ಮಾಡುವಾಗ ಎಲ್ಲ ಗೊತ್ತಿತ್ತು. ಈಗ ಇಡೀ ಪುಸ್ತಕ ಓದಿದ ಮೇಲೆ ಒಂದೂ ಗೊತ್ತಿರಲಿಲ್ಲ.

"ಒಂದು ಉಪಕಾರ ಮಾಡಿ" ಎಂದರು ಅವರು. "ಇನ್ನೊಂದ್ ಸಲ ಅವಳ ಹತ್ರ ಇದನ್ನ ಕೊಟ್ಟು ಕಳ್ಸಿ. ಅಮ್ಮ ಓದ್ಬೇಕಂತೆ ಅಂತ ಹೇಳಿ ಕಳ್ಸಿ. ಅವಳ ತಾಯಿಯೂ ಓದಲಿ."

"ಇದನ್ನೂ ಅವಳ ಕೈಯಲ್ಲೇ ಕಳಿಸೋದಾ?"

ಬೇಕೆಂದು ಚುಚ್ಚಿದ್ದಲ್ಲ, ಬಾಯಿಂದ ಬಂದುಬಿಟ್ಟಿತು. ಅವರ ಮುಖ ಇಳಿದುಹೋಯಿತು. ಕೈಯನ್ನು ಮತ್ತೊಮ್ಮೆ ಒರೆಸಿಕೊಂಡು ಮುಂದೆ ಚಾಚಿದರು. ನಮ್ಮ ಲೈಬ್ರರಿ ವಿದ್ಯಾರ್ಥಿಗಳಿಗೆ ಮಾತ್ರ ಎಂದು ಗೋಡೆಯ ಮೇಲೆ ನಾನೇ ಬರೆದು ಅಂಟಿಸಿದ್ದೇನೆ. ಪುಸ್ತಕವನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟೂಲ್ಸ್ ಪೆಟ್ಟಿಗೆಯ ಮೇಲಿಟ್ಟರು. "ಮಗಳಿಗೆ ಬೆಂಚಿನಲ್ಲಿ ಕೂರಲಿಕ್ಕೆ ಹೇಳಿ" ಎಂದೆ. ಹೂಂ ಎಂದರು. ಮರುದಿನ ರಿಜಿಸ್ಟರಿನಲ್ಲಿ ಹುಡುಗಿಯ ಹೆಸರಿನ ಕೆಳಗೆ ಅವಳ ತಂದೆಯ ಹೆಸರು ಬರೆದೆ.

ಹೆಡ್‌ಮಾಸ್ತರರಿಗೆ ಖಾಲಿ ಹಾಳೆ ಕೊಟ್ಟೆ. ಪಟ್ಟಿ ಮಾಡಬೇಕಾದರೆ ಎಲ್ಲ ಪುಸ್ತಕ ಓದಬೇಕು, ನನ್ನ ನಿವೃತ್ತಿಯೊಳಗೆ ಮುಗಿದರೆ ನಿಮ್ಮ ಪುಣ್ಯ ಎಂದೆ. ಅವರು ಹಾಳೆಯ ಎರಡೂ ಬದಿ ನೋಡಿ, ಆಗಲಿ ಓದಿ ಎಂದರು.

ಹುಡುಗಿ ಬೆಂಚಿಗೆ ಬರತೊಡಗಿದಳು. ಪುಸ್ತಕ ಮುಟ್ಟುತ್ತಿರಲಿಲ್ಲ, ಸುಮ್ಮನೆ ಕೂರುತ್ತಿದ್ದಳು. ನಾನು ತಪ್ಪು ಮಾಡಿದೆನೇ ಎಂದು ದಿನಾ ಅನ್ನಿಸುತ್ತಿತ್ತು. ಮಾತಾಡದ ಗಂಡ ಕೊಟ್ಟ ಪುಸ್ತಕ ಓದಿ ಆ ತಾಯಿಗೆ ಅವಮಾನವಾದರೆ? ಜಗಳ ಇನ್ನೂ ಹೆಚ್ಚಿದರೆ? ಅದನ್ನು ಹೊರುವುದೂ ಈ ಹುಡುಗಿಯೇ. ಕೇಳಲು ಧೈರ್ಯವಾಗಲಿಲ್ಲ.

ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ಪ್ಲಾಸ್ಟಿಕ್ ಚೀಲ ತಂದು ನನ್ನ ಮೇಜಿನ ಮೇಲಿಟ್ಟಳು. "ಅಪ್ಪ ಇದನ್ನ ಅಡುಗೆಮನೇಲಿ ಅರಿಶಿನದ ಡಬ್ಬಿ ಹತ್ರ ಇಟ್ಟಿದ್ರು. ಎಂತದೂ ಹೇಳಲಿಲ್ಲ" ಎಂದಳು.

ನಾನು ಪುಟ ಮಗುಚಿದೆ. ಅಂಚಿನಲ್ಲಿ ಆಯಿಲಿನ ಹಳೆಯ ಕಪ್ಪು ಗುರುತುಗಳು. ಅವುಗಳ ಪಕ್ಕದಲ್ಲಿ ಈಗ ಹಳದಿಯವು, ಸಣ್ಣ ಹೆಬ್ಬೆರಳು. ಒಂಬತ್ತನೇ ಪುಟದಲ್ಲಿ ಒಂದು, ಹದಿನೇಳರಲ್ಲಿ, ಮೂವತ್ತನಾಲ್ಕರಲ್ಲಿ ದೊಡ್ಡದೊಂದು. ಅರವತ್ತೊಂದನೇ ಪುಟದಲ್ಲಿ, ಹುಡುಗಿ ತಟ್ಟೆ ಹಿಡಿದು ಮೆಟ್ಟಿಲಿಗೆ ಹೋಗುವಲ್ಲಿ, ಕೊನೆಯದು. ಆಮೇಲೆ ಒಂದೂ ಇಲ್ಲ. ತಾಯಿ ಅಲ್ಲಿಗೇ ಓದುವುದು ಬಿಟ್ಟರೋ, ಕೈ ತೊಳೆದುಕೊಂಡು ಬಂದು ಕುಳಿತು ಓದಿದರೋ, ನಾನು ಬೆಳಕಿಗೆ ಹಿಡಿದು ನೋಡಿದರೂ ಗೊತ್ತಾಗಲಿಲ್ಲ.

"ಮತ್ತೆ ಬೇಕಾ ಇದು?" ಎಂದು ಕೇಳಿದೆ.

"ಬ್ಯಾಡ. ಬೇರೆ ಕೊಡಿ ಅಕ್ಕೋರೆ."

ನಾನು ಅದೇ ವಾರ ಮೊದಲಿಂದ ಕೊನೆಯವರೆಗೆ ಓದಿ ಮುಗಿಸಿದ ಒಂದನ್ನು ಕೊಟ್ಟೆ. ಅವಳು ತೆಗೆದುಕೊಂಡು ಬೆಂಚಿಗೆ ಹೋಗದೆ ಅಲ್ಲೇ ನಿಂತಳು.

"ಎರಡು ಕೊಡ್ತೀರಾ? ಅಪ್ಪಂಗೂ ಒಂದು ಬೇಕಂತೆ. ಅಮ್ಮ ಹೇಳಿದ್ರು."

ಅಪ್ಪನಿಗೆ ಪುಸ್ತಕ ಬೇಕೆನ್ನುವುದು ಅಮ್ಮನಿಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಎದ್ದು ಕಪಾಟಿನ ಹತ್ತಿರ ಹೋಗಿ ಇನ್ನೊಂದು ಹುಡುಕತೊಡಗಿದೆ.